ಕಿವಿಯಿಂದ ಕಣ್ಣಿಗೆ: ದೀರ್ಘತರಂಗದಲ್ಲಿ ನಿಧಾನ ಮೋರ್ಸ್

ಹ್ಯಾಮ್‌ಗಳ ಲೋಕದಲ್ಲಿ ಮೋರ್ಸ್ ಎಂದರೆ ಕಿವಿಯ ವಿದ್ಯೆ. ಚುಕ್ಕೆ, ಗೆರೆ ಎಂದು ಎಣಿಸುತ್ತ ಕೂತವನು ಇನ್ನೂ ಕಲಿಯುತ್ತಿದ್ದಾನೆ, ಅಕ್ಷರವನ್ನು ಲಯವಾಗಿಯೇ ಕೇಳಿಸಿಕೊಳ್ಳುವವನು ಪಳಗಿದ್ದಾನೆ ಎಂಬುದು ಹಳಬರ ಅಳತೆ. ಈ ಅಳತೆಯನ್ನೇ ಬುಡಮೇಲು ಮಾಡಿದ ಪ್ರಯೋಗವೊಂದು 1990ರ ದಶಕದ ಕೊನೆಯಲ್ಲಿ ಯುರೋಪಿನ ದೀರ್ಘತರಂಗಗಳಲ್ಲಿ ಬೇರೂರಿತು.

ಬ್ರಿಟನ್ 1996ರಲ್ಲಿ 73 ಕಿಲೋಹರ್ಟ್ಸ್ ಆಸುಪಾಸಿನ ಒಂದು ತುಣುಕನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತು. ಎರಡು ವರ್ಷದಲ್ಲಿ 135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ ಬ್ಯಾಂಡೂ ತೆರೆಯಿತು. 73ರ ಅನುಮತಿ 2003ಕ್ಕೆ ಮುಗಿದುಹೋಯಿತು; 136 ಮಾತ್ರ 2007ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಎಲ್ಲ ದೇಶಗಳ ಪಟ್ಟಿ ಸೇರಿತು. ಒಟ್ಟು ಅಗಲ 2.1 ಕಿಲೋಹರ್ಟ್ಸ್. ಒಬ್ಬರು ಬಾಯಿಬಿಟ್ಟು ಮಾತಾಡಿದರೆ ಇಡೀ ಬ್ಯಾಂಡ್ ಭರ್ತಿ. ಹಾಗಾಗಿ ಇಲ್ಲಿ ಮೊದಮೊದಲು ಮೋರ್ಸ್‌ನದೇ ರಾಜ್ಯವಾಗಿತ್ತು.

ಇಲ್ಲಿನ ನಿಜವಾದ ಕಷ್ಟ ಆಂಟೆನಾದ್ದು. ತರಂಗಾಂತರ ಸುಮಾರು 2200 ಮೀಟರ್. ಅದರ ಕಾಲುಭಾಗದ ಕಂಬ ನೆಡಬೇಕೆಂದರೆ 550 ಮೀಟರ್ ಎತ್ತರ ಬೇಕು; ಮನೆಯಂಗಳದಲ್ಲಿ ನಿಲ್ಲುವುದು ಹೆಚ್ಚೆಂದರೆ 15 ಮೀಟರಿನದು. ಅಂಥ ಗಿಡ್ಡ ಆಂಟೆನಾದ ವಿಕಿರಣ ರೋಧ ಒಂದು ಓಮ್‌ನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ, ನೆಲದಲ್ಲಿ ನಷ್ಟವಾಗುವ ರೋಧ ಹತ್ತಾರು ಓಮ್. ನೂರು ವಾಟ್ ಸುರಿದರೆ ಗಾಳಿಗೆ ಹೋಗುವುದು ಒಂದು ವಾಟಿನ ಹತ್ತರಲ್ಲೊಂದು ಪಾಲು. ಉಳಿದದ್ದೆಲ್ಲ ಸುರುಳಿಯನ್ನೂ ಮಣ್ಣನ್ನೂ ಬೆಚ್ಚಗೆ ಮಾಡುತ್ತದೆ. ಆಂಟೆನಾವನ್ನು ಶ್ರುತಿಗೆ ತರುವ ಆ ಸುರುಳಿಯನ್ನು ದೊಡ್ಡ ಬಕೆಟ್ಟಿನ ಮೇಲೆ ಸುತ್ತಬೇಕಾಗುತ್ತದೆ; ಅದರ ತುದಿಯಲ್ಲಿ ಸಾವಿರಾರು ವೋಲ್ಟ್ ನಿಂತಿರುತ್ತದೆ.

ಇಷ್ಟು ಬಡ ಶಕ್ತಿಯಲ್ಲೂ ಮೊದಲ ವರ್ಷಗಳಲ್ಲಿ ಸಾಮಾನ್ಯ ವೇಗದ ಮೋರ್ಸ್ ನೂರಾರು ಕಿಲೋಮೀಟರ್ ದಾಟುತ್ತಿತ್ತು, ಹೆಡ್‌ಫೋನಿನಲ್ಲಿ ಕೇಳಿಯೇ. ಆದರೆ ಕಿವಿಗೂ ಒಂದು ಮಿತಿಯಿದೆ. ಪಳಗಿದ ಕಿವಿ ಸದ್ದಿನ ಮಧ್ಯೆ ಸುಮಾರು 50ರಿಂದ 100 ಹರ್ಟ್ಸ್ ಅಗಲದ ಫಿಲ್ಟರಿನಂತೆ ಕೆಲಸ ಮಾಡುತ್ತದೆ, ಅದಕ್ಕಿಂತ ಕಿರಿದಾಗಲಾರದು. ಚುಕ್ಕೆಯನ್ನು ಉದ್ದ ಮಾಡಿದಷ್ಟೂ ಅದಕ್ಕೆ ಬೇಕಾದ ಅಗಲ ಕುಗ್ಗುತ್ತದೆ, ಜೊತೆಗೆ ಸೋರಿ ಬರುವ ಗದ್ದಲವೂ ಕುಗ್ಗುತ್ತದೆ. ಈ ಲೆಕ್ಕ ಹೊಸತೇನಲ್ಲ. 1975ರಲ್ಲೇ ಅಮೆರಿಕದ ‘ಕ್ಯೂಎಸ್‌ಟಿ’ ಪತ್ರಿಕೆ ‘ಕೊಹೆರೆಂಟ್ ಸಿಡಬ್ಲ್ಯು’ ಎಂಬ ವಿಧಾನವನ್ನು ಪರಿಚಯಿಸಿತ್ತು: ಎರಡೂ ಕಡೆಯ ಗಡಿಯಾರ ಕೂಡಿಸಿ, ಹತ್ತಿರ ಹತ್ತಿರ 10 ಹರ್ಟ್ಸ್ ಅಗಲದಲ್ಲಿ ಕೇಳುವುದು. ಅದಕ್ಕೆ ಬೇಕಾದ ಸಲಕರಣೆ ಎಲ್ಲರ ಕೈಗೆಟುಕುವಂತಿರಲಿಲ್ಲ. ಕಂಪ್ಯೂಟರಿನ ಸೌಂಡ್ ಕಾರ್ಡ್ ಬಂದ ಮೇಲೆ ದಾರಿ ಸಲೀಸಾಯಿತು. ‘ಸ್ಪೆಕ್ಟ್ರಾನ್’, ‘ಆರ್ಗೊ’, ‘ಸ್ಪೆಕ್ಟ್ರಮ್ ಲ್ಯಾಬ್’ನಂಥ ಉಚಿತ ತಂತ್ರಾಂಶಗಳು ಸದ್ದನ್ನು ಪರದೆಯ ಮೇಲೆ ಹರಿಯುವ ಚಿತ್ರವಾಗಿಸಿದವು. ಕಿವಿಗೆ ಬರೀ ಭೋರ್ಗರೆತ ಕೇಳುತ್ತಿರುವಾಗ ಕಣ್ಣಿಗೆ ಮಸುಕಾದ ಗೀಟೊಂದು ಕಾಣತೊಡಗಿತು.

ಇದೇ ಕ್ಯೂಆರ್‌ಎಸ್‌ಎಸ್, ಅತಿನಿಧಾನ ಮೋರ್ಸ್. ನಿಮಿಷಕ್ಕೆ ಹನ್ನೆರಡು ಪದದ ವೇಗದಲ್ಲಿ ಒಂದು ಚುಕ್ಕೆಗೆ ಸೆಕೆಂಡಿನ ಹತ್ತರಲ್ಲೊಂದು ಭಾಗ ಹಿಡಿಯುತ್ತದೆ. ಇಲ್ಲಿ ಮೂರು, ಹತ್ತು, ಅರವತ್ತು ಸೆಕೆಂಡು. ಭಾರತದ ಕರೆಸಂಕೇತಗಳ ಆರಂಭದಲ್ಲಿ ಬರುವ ‘ವಿಯು2’ ಎಂಬಷ್ಟನ್ನೇ ತೆಗೆದುಕೊಳ್ಳಿ. ಅಕ್ಷರಗಳ ನಡುವಿನ ಬಿಡುವೂ ಸೇರಿ ಅದು 37 ಚುಕ್ಕೆಗಳ ಅಳತೆ. ಸಾಮಾನ್ಯ ವೇಗದಲ್ಲಿ ನಾಲ್ಕು ಸೆಕೆಂಡೂ ಬೇಡ. ಮೂರು ಸೆಕೆಂಡಿನ ಚುಕ್ಕೆಯಾದರೆ ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಅರವತ್ತರದಾದರೆ 37 ನಿಮಿಷ. ಊಟ ಮುಗಿಸಿ ಬಂದರೂ ಹೆಸರು ಮುಗಿದಿರುವುದಿಲ್ಲ. ಪ್ರತಿಫಲವೂ ಸಣ್ಣದಲ್ಲ: ಮೂರು ಸೆಕೆಂಡಿನ ಚುಕ್ಕೆಗೇ ಸುಮಾರು 15 ಡೆಸಿಬೆಲ್ ಲಾಭ, ಎಂದರೆ ಮೂವತ್ತರಲ್ಲೊಂದು ಪಾಲು ಶಕ್ತಿಯಲ್ಲಿ ಅದೇ ದೂರ. 2001ರಲ್ಲಿ ಇಂಗ್ಲೆಂಡ್ ಮತ್ತು ಕೆನಡಾದ ಹ್ಯಾಮ್‌ಗಳು 136ರಲ್ಲಿ ಅಟ್ಲಾಂಟಿಕ್ ದಾಟಿ ಪರಸ್ಪರ ಸಂಪರ್ಕ ಸಾಧಿಸಿದ್ದು ಹೀಗೆಯೇ, ಹಲವು ರಾತ್ರಿ ಕೂತು.

ತಕರಾರು ಆಗಲೇ ಹುಟ್ಟಿತ್ತು. ಪರದೆ ನೋಡಿ ಓದಿದ್ದು ಮೋರ್ಸ್ ಹೇಗಾಗುತ್ತದೆ? ಇಂಥ ಹೊತ್ತಿಗೆ ಇಂಥವರು ಬರುತ್ತಾರೆಂದು ಗೊತ್ತಿದ್ದು ಮಸುಕು ಗೀಟಿನಲ್ಲಿ ಅವರ ಹೆಸರು ಕಂಡರೆ ಅದು ಓದೇ, ಊಹೆಯೇ? ಕಿವಿಯವರ ಈ ಎರಡನೆಯ ಪ್ರಶ್ನೆಯಲ್ಲಿ ಹುರುಳಿದೆ. ಅದಕ್ಕೇ ನಿಧಾನದವರು ಚಂದ್ರನಿಂದ ಪ್ರತಿಧ್ವನಿ ಹಿಡಿಯುವವರ ಶಿಸ್ತನ್ನು ಎರವಲು ತಂದರು: ಸಂಜ್ಞೆ ಇದೆ ಎಂದಷ್ಟೇ ತಿಳಿದರೆ ‘ಟಿ’, ತುಣುಕು ಸಿಕ್ಕರೆ ‘ಎಂ’, ಕರೆಸಂಕೇತ ಪೂರ್ತಿ ಸಿಕ್ಕರೆ ‘ಓ’. ಕ್ರಮವಾಗಿ ಒಂದು ಗೆರೆ, ಎರಡು, ಮೂರು. ಜಗಳ ಬೆಳೆಯದಂತೆ ಯುರೋಪಿನ ಬ್ಯಾಂಡ್ ಯೋಜನೆ 137.6ರಿಂದ ಮೇಲಿನ ತುದಿಯನ್ನು ನಿಧಾನದವರಿಗೆ ಬಿಟ್ಟು, ನಡುವಿನ ದೊಡ್ಡ ಪಾಲನ್ನು ಸಾಮಾನ್ಯ ಮೋರ್ಸ್‌ಗೆ ಉಳಿಸಿತು.

ನನ್ನ ಮಟ್ಟಿಗೆ ಈ ಗಡಿ ತಪ್ಪು ಜಾಗದಲ್ಲಿ ಬಿದ್ದಿತ್ತು. ಪರದೆಯ ಓದಿಗೂ ಪಳಗುವಿಕೆ ಬೇಕಿತ್ತು. ಆಗ ಯುರೋಪಿನಲ್ಲಿ 100 ಕಿಲೋಹರ್ಟ್ಸ್‌ನಲ್ಲಿದ್ದ ಲೊರಾನ್ ಪಥದರ್ಶಕ ಕೇಂದ್ರಗಳ ಸೋರಿಕೆ 136ರವರೆಗೂ ಚಾಚಿ, ಪರದೆಯಲ್ಲಿ ಸಮಾನ ಅಂತರದ ಗೀಟುಗಳಾಗಿ ಕಾಣುತ್ತಿತ್ತು. ಅವುಗಳ ಸಂದಿಯಲ್ಲಿ ತನ್ನ ಆವರ್ತನ ನೆಡುವುದು, ಸಿಡಿಲಿನ ಪಟ್ಟೆ ಯಾವುದು, ಚುಕ್ಕೆ ಯಾವುದು ಎಂದು ಬೇರ್ಪಡಿಸುವುದು ಮನುಷ್ಯನದೇ ಕೆಲಸವಾಗಿತ್ತು.

ನಿಜವಾದ ತಿರುವು 2008ರದು. ಭೌತವಿಜ್ಞಾನದಲ್ಲಿ 1993ರ ನೊಬೆಲ್ ಪಡೆದ ಜೋ ಟೇಲರ್ ಆ ವರ್ಷ ‘ವಿಸ್ಪರ್’ ಹೊರತಂದರು. ಕರೆಸಂಕೇತ, ಸ್ಥಳ, ಶಕ್ತಿ ಮೂರನ್ನೂ 50 ಬಿಟ್‌ಗಳಲ್ಲಿ ಅಡಕಿ, ದೋಷ ತಿದ್ದುವ ಸಂಕೇತ ಸೇರಿಸಿ, ಎರಡು ನಿಮಿಷದೊಳಗೆ ಕಳಿಸುವ ವಿಧಾನ. ಬಿಡಿಸುವುದು ತಂತ್ರಾಂಶ, ಹ್ಯಾಮ್ ಮಲಗಿರಬಹುದು. 2021ರಲ್ಲಿ ಬಂದ ‘ಎಫ್‌ಎಸ್‌ಟಿ4ಡಬ್ಲ್ಯು’ ಕೆಳಗಿನ ಬ್ಯಾಂಡ್‌ಗಳಿಗೆಂದೇ ರೂಪಿಸಿದ್ದು, ಒಂದು ಪ್ರಸಾರವನ್ನು ಅರ್ಧ ಗಂಟೆಯವರೆಗೆ ಎಳೆಯಬಲ್ಲದು. ಸಂವೇದನೆಯ ಪಂದ್ಯದಲ್ಲಿ ಇವುಗಳ ಮುಂದೆ ನಿಧಾನ ಮೋರ್ಸ್ ಸೋತಿದೆ, ಅದರಲ್ಲಿ ವಾದವಿಲ್ಲ. ಆದರೆ ಸಂಜ್ಞೆ ಬಂತೋ ಇಲ್ಲವೋ ಎಂದು ತೀರ್ಮಾನಿಸುವವನು ಹ್ಯಾಮ್ ಆಗಿಯೇ ಉಳಿಯುವುದು ಕಿವಿಯ ಮೋರ್ಸ್‌ನಲ್ಲಿ ಮತ್ತು ಕ್ಯೂಆರ್‌ಎಸ್‌ಎಸ್‌ನಲ್ಲಿ. ಅವೆರಡೂ ಒಂದೇ ಪಂಗಡ; ವಿಸ್ಪರ್ ಬೇರೆಯದು.