ನೆಲವನ್ನು ನೋಯಿಸದ ಶೋಧನೆ

12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ವರ್ಜ್ಯವೆಂದ 15 ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಅರಗಿನೊಡನೆ ನೀಲಿಬಣ್ಣದ ಮಾರಾಟವೂ ಅದರಲ್ಲಿ ಅಡಕವಾಗಿದೆ. ಅದೇ ಪಟ್ಟಿಯಲ್ಲಿ ನೆಲವನ್ನಗೆದು ಬದುಕುವ ಸ್ಫೋಟಜೀವಿಕೆಯೂ ಇದೆ. ಕಡಲತಡಿಯ ಪ್ರಾಚೀನ ಬಣ್ಣದ ನೆಲೆಗಳನ್ನು ಅಗೆದು ಹುಡುಕುವಲ್ಲಿ ಇವೆರಡೂ ಸಂಧಿಸುತ್ತವೆ.

ಮೆಡಿಟರೇನಿಯನ್ ಕರಾವಳಿಯಲ್ಲಿ ಅರಸರ ಕೆನ್ನೀಲಿ ವಸ್ತ್ರಕ್ಕಾಗಿ ಕಡಲ ಬಸವನಹುಳುಗಳನ್ನು ಕೊಲ್ಲುತ್ತಿದ್ದರು. ಅವು ನಮ್ಮ ಶಾಸ್ತ್ರದ ಎಣಿಕೆಯಲ್ಲಿ ದ್ವೀಂದ್ರಿಯ ಜೀವಗಳು. 1909ರಲ್ಲಿ ರಸಾಯನತಜ್ಞ ಪಾಲ್ ಫ್ರೀಡ್‌ಲೆಂಡರ್ 12,000 ಹುಳುಗಳಿಂದ ಪಡೆದ ಬಣ್ಣ ಕೇವಲ 1.4 ಗ್ರಾಂ! ಸಿದೋನ್ ಪಟ್ಟಣದಲ್ಲಿ ಉಳಿದ ಚಿಪ್ಪಿನ ದಿಬ್ಬವನ್ನು ನೆನೆದರೆ ಆ ಹಿಂಸೆಯ ಪ್ರಮಾಣ ತಿಳಿದೀತು. ನಮ್ಮ ಪೂರ್ವ ಕರಾವಳಿಯ ಬಣ್ಣಗಾರರು ಬಹುಮಟ್ಟಿಗೆ ಸಸ್ಯಗಳನ್ನೇ ನಂಬಿದ್ದರು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ದೊರೆತ ಇಟ್ಟಿಗೆಯ ತೊಟ್ಟಿಗಳನ್ನು ಬಟ್ಟೆಗೆ ಬಣ್ಣ ಕಟ್ಟುವ ತೊಟ್ಟಿಗಳೆಂದು ಅವರು ಊಹಿಸಿದರು.

ಅಗೆದ ಪದರವನ್ನು ಮರಳಿ ಕೂಡಿಸಲಾಗದು. ಆದುದರಿಂದ ವಿದ್ವಾಂಸರು ಈಗ ಮೊದಲು ಮೇಲಿನಿಂದಲೇ ಓದಲು ಯತ್ನಿಸುತ್ತಾರೆ. ಒಲೆ, ಗೂಡುಗಳಲ್ಲಿ ಸುಟ್ಟ ಮಣ್ಣು ತನ್ನ ಕಾಂತಗುಣವನ್ನು ಬದಲಿಸಿಕೊಂಡಿರುತ್ತದೆ. ಕಾಂತಮಾಪಕ ಅದನ್ನು ಗುರುತಿಸುತ್ತದೆ. ರಾಡಾರ್ ಯಂತ್ರ ಹೂತ ಗೋಡೆಗೆ ತಾಗಿ ಮರಳುವ ಅಲೆಗಳನ್ನು ಹಿಡಿಯುತ್ತದೆ. ಆದರೆ ಉಪ್ಪುನೀರು ಬೆರೆತ ಮಣ್ಣಿನಲ್ಲಿ ಆ ಅಲೆಗಳು ಬೇಗನೆ ಸೋಲುತ್ತವೆ. ತೊಟ್ಟಿಯ ಆಕಾರ ತಿಳಿದರೂ ಅದರಲ್ಲಿ ಏನಿತ್ತೆಂಬುದು ಯಂತ್ರಕ್ಕೆ ತಿಳಿಯದು. ಅದಕ್ಕೆ ಚಿಟಿಕೆ ಮಣ್ಣನ್ನಾದರೂ ತೆಗೆಯಬೇಕು. ಅಲ್ಪಾರಂಭವೆಂದು ಇದನ್ನು ಒಪ್ಪಬಹುದೆಂದೇ ನನ್ನ ಅಭಿಪ್ರಾಯ.

ಮಟಕಿಗೆ ಕಡಲು ದೂರವಾದರೂ ಈ ತೊಡಕು ದೂರದ್ದಲ್ಲ. ಆಳಂದದ ಸೀಮೆಯ ಜಿಗುಟು ಎರೆಮಣ್ಣಿನಲ್ಲಿಯೂ ರಾಡಾರ್ ಆಳಕ್ಕೆ ಇಳಿಯದು. ಅಡಿಯ ಕಪ್ಪುಕಲ್ಲಿಗೆ ಸ್ವತಃ ಕಾಂತಗುಣವಿರುವುದರಿಂದ ಕಾಂತಮಾಪಕವೂ ದಾರಿ ತಪ್ಪುತ್ತದೆ. ಇಲ್ಲಿ ನಚ್ಚಬಹುದಾದುದು ಕಾಲ್ನಡಿಗೆಯ ಪರಿಶೀಲನೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡವಿರುವ ಜಿಲ್ಲೆ ನಮ್ಮದು. ಆಳಂದ, ಅಫಜಲಪುರ, ಜೇವರ್ಗಿಗಳ ಹೊಲಗಳಲ್ಲಿ ಹಳೆಯ ಬಸದಿಯ ಕಲ್ಲು ಇದ್ದರೆ ಆಶ್ಚರ್ಯವಿಲ್ಲ. ಜೀರ್ಣೋದ್ಧಾರಕ್ಕೆಂದು ಜೆಸಿಬಿ ಕರೆಯುವ ಮುನ್ನ ಟ್ರಸ್ಟಿನವರು ಆ ನೆಲವನ್ನು ಸಾಲುಸಾಲಾಗಿ ನಡೆದು, ಮಡಕೆಚೂರು, ಇಟ್ಟಿಗೆ, ಕಲ್ಲು ಕಂಡ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ಪುರಾತತ್ತ್ವ ಇಲಾಖೆಗೆ ತಿಳಿಸಬಹುದು. ಕಂಡ ವಸ್ತುವನ್ನು ಎತ್ತಿಕೊಂಡು ಬರಬಾರದು. ಅದು ಬಿದ್ದ ಜಾಗವೇ ಅದರ ಅರ್ಧ ಚರಿತ್ರೆ. ಹೊಲ ಹರಗಿದ ಮೇಲೆ, ಬಿತ್ತನೆಗೆ ಮೊದಲು ಹೋದರೆ ಒಳ್ಳೆಯದು. ತೊಗರಿ ಎದ್ದು ನಿಂತ ಮೇಲೆ ಏನೂ ಕಾಣದು.