ಲಂಡನ್–ಪ್ಯಾರಿಸ್ ವಿಮಾನಮಾರ್ಗ: ದೂರ ಮತ್ತು ಹಾರಾಟದ ಅವಧಿ

ಲಂಡನ್ನಿನ ಹೀಥ್ರೂ ಮತ್ತು ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ನಿಲ್ದಾಣಗಳ ನಡುವಿನ ಆಕಾಶದೂರ ಸುಮಾರು 348 ಕಿ.ಮೀ. ಗಂಟೆಗೆ 800 ಕಿ.ಮೀ. ಹಾರಬಲ್ಲ ಜೆಟ್ ವಿಮಾನಕ್ಕೆ ಇಷ್ಟು ದೂರ ಅರ್ಧ ಗಂಟೆಯ ಮಾತೂ ಅಲ್ಲ. ಆದರೆ ವೇಳಾಪಟ್ಟಿಯಲ್ಲಿ ಕಾಣುವುದು ಒಂದೂಕಾಲು ಗಂಟೆ ಅಥವಾ ಅದಕ್ಕೂ ತುಸು ಹೆಚ್ಚು. ಉಳಿದ ಸಮಯ ಹೋಗುವುದೆಲ್ಲಿ ಎಂದು ತಿಳಿಯಲು ಈ ಮಾರ್ಗದ ನೂರು ವರ್ಷಗಳ ಚರಿತ್ರೆಯನ್ನೇ ನೋಡಬೇಕು.

1919ರ ಆಗಸ್ಟ್ 25ರಂದು ಲಂಡನ್ ಹೊರವಲಯದ ಹೌನ್ಸ್‌ಲೋ ಬಯಲಿನಿಂದ ಪ್ಯಾರಿಸ್ ಬಳಿಯ ಲ ಬೂರ್ಜೆಗೆ ದೈನಂದಿನ ಸೇವೆ ಶುರುವಾಯಿತು. ಮೊದಲ ಮಹಾಯುದ್ಧದ ಬಾಂಬರ್ ವಿನ್ಯಾಸವನ್ನು ಮಾರ್ಪಡಿಸಿ ಮಾಡಿದ ಡಿಎಚ್-4ಎ ವಿಮಾನದಲ್ಲಿ ಅಂದು ಒಬ್ಬನೇ ಪ್ರಯಾಣಿಕ; ಜೊತೆಗೆ ಪತ್ರಿಕೆಗಳು, ಚರ್ಮ, ಬೇಟೆಯ ಹಕ್ಕಿಗಳು, ಡೆವನ್‌ಷೈರ್ ಕೆನೆ. ಹಿಡಿದ ಸಮಯ ಸುಮಾರು ಎರಡೂವರೆ ಗಂಟೆ.

ಆಗಿನ ಪೈಲಟ್‌ಗಳಿಗೆ ದಾರಿ ತೋರಿಸುತ್ತಿದ್ದದ್ದು ನೆಲದ ಮೇಲಿನ ರೈಲು ಹಳಿ ಮತ್ತು ರಸ್ತೆ. ಅದಕ್ಕೆ ತೆತ್ತ ಬೆಲೆ ಘೋರವಾಗಿತ್ತು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನ ಪಿಕಾರ್ಡಿಯಲ್ಲಿ, ಮಂಜು ಮುಸುಕಿದ ಹೊತ್ತಿನಲ್ಲಿ, ಎದುರುಬದುರಾಗಿ ಬಂದ ಎರಡು ವಿಮಾನಗಳು ಢಿಕ್ಕಿ ಹೊಡೆದು ಏಳು ಮಂದಿ ಸತ್ತರು. ಪ್ರಯಾಣಿಕ ವಿಮಾನಗಳು ಆಕಾಶದಲ್ಲೇ ಢಿಕ್ಕಿಯಾದ ಮೊದಲ ದುರಂತವದು. ಬಳಿಕ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಸೇರಿದ ಸಭೆ, ವಿಮಾನಗಳು ಬಲಬದಿಯಲ್ಲೇ ಸಾಗಬೇಕು, ಮಾರ್ಗಗಳನ್ನು ಸ್ಪಷ್ಟವಾಗಿ ಗೊತ್ತುಪಡಿಸಬೇಕು ಎಂದು ತೀರ್ಮಾನಿಸಿತು. ಇಂದು ನಾವು ನೆಮ್ಮದಿಯಿಂದ ಹಾರುತ್ತಿರುವುದು ಇಂಥ ಸಾವುಗಳಿಂದ ಕಲಿತ ಶಿಸ್ತಿನ ಬಲದ ಮೇಲೆ.

ಮುಂದೆ ಸುಖ ಬೆಳೆದಷ್ಟು ವೇಗ ಬೆಳೆಯಲಿಲ್ಲ. 1927ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಇದೇ ಮಾರ್ಗದಲ್ಲಿ ಮಧ್ಯಾಹ್ನದ ಊಟ ಬಡಿಸುವ 'ಸಿಲ್ವರ್ ವಿಂಗ್' ಸೇವೆ ಆರಂಭಿಸಿತು. 1931ರಲ್ಲಿ ಬಂದ ಭಾರೀ ಗಾತ್ರದ ಎಚ್‌ಪಿ-42 ವಿಮಾನಗಳ ವೇಗವೂ ಗಂಟೆಗೆ ಸುಮಾರು 160 ಕಿ.ಮೀ. ಮಾತ್ರ.

ನಿಜವಾದ ಜಿಗಿತ 1950ರ ಜುಲೈ 29ರಂದು ಆಯಿತು. ಜಗತ್ತಿನ ಮೊದಲ ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್ನಿನಿಂದ ಪ್ರೊಪೆಲ್ಲರ್ ತಿರುಗುವ) ಪ್ರಯಾಣಿಕ ಸೇವೆಯಾಗಿ ವಿಕರ್ಸ್ ವೈಕೌಂಟ್ ವಿಮಾನ ಲಂಡನ್ನಿನ ನಾರ್ತೋಲ್ಟ್‌ನಿಂದ ಲ ಬೂರ್ಜೆಗೆ 57 ನಿಮಿಷಗಳಲ್ಲಿ ತಲುಪಿತು.

ಜೆಟ್‌ಗಳು ಬಂದು ಹಾರಾಟವನ್ನು ಇನ್ನಷ್ಟು ಚುರುಕುಗೊಳಿಸಿದವು, ನಿಜ. ಆದರೆ ವೇಳಾಪಟ್ಟಿಯ ಅವಧಿ ಎಂದರೆ ಬರಿಯ ಹಾರಾಟವಲ್ಲ. ವಿಮಾನ ಒಂದು ನಿಲ್ದಾಣದ ಗೇಟು ಬಿಟ್ಟು ಇನ್ನೊಂದರ ಗೇಟಿಗೆ ಬಂದು ನಿಲ್ಲುವವರೆಗಿನ ಸಮಯ. ರನ್‌ವೇಗೆ ಸಾಗಲು, ಸರದಿಗೆ ಕಾಯಲು, ಮೇಲೇರಲು, ಇಳಿಯಲು ಸಮಯ ಬೇಕು. ಹೀಥ್ರೂ ಮೇಲೆ ದಟ್ಟಣೆ ಇದ್ದರೆ ಬೋವಿಂಗ್‌ಡನ್, ಲ್ಯಾಂಬೋರ್ನ್, ಆಕ್ಹಮ್, ಬಿಗ್ಗಿನ್ ಎಂಬ ನಾಲ್ಕು ಕಾಯುವ ತಾಣಗಳಲ್ಲೊಂದರಲ್ಲಿ ಸುತ್ತು ಹಾಕಬೇಕಾಗುತ್ತದೆ. ಹೀಗಾಗಿ ಇಷ್ಟು ಕಿರುದಾರಿಯಲ್ಲಿ ಎಂಜಿನ್ ಎಷ್ಟೇ ಬಲವಾದರೂ ಉಳಿಯುವುದು ಕೆಲವೇ ನಿಮಿಷ.

ಈ ದೌರ್ಬಲ್ಯವನ್ನು ರೈಲು ಚೆನ್ನಾಗಿ ಬಳಸಿಕೊಂಡಿತು. 1994ರ ನವೆಂಬರ್‌ನಲ್ಲಿ ಶುರುವಾದ ಯೂರೋಸ್ಟಾರ್, 2007ರಿಂದ ಎರಡು ಗಂಟೆ ಹದಿನಾರು ನಿಮಿಷಗಳಷ್ಟು ಕಡಿಮೆ ಅವಧಿಯಲ್ಲಿ ನಗರದೊಳಗಿಂದ ನಗರದೊಳಕ್ಕೇ ಒಯ್ಯುತ್ತದೆ. ಎರಡೂ ವಿಮಾನ ನಿಲ್ದಾಣಗಳಾದರೋ ನಗರ ಕೇಂದ್ರದಿಂದ ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ದೂರ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಈ ಮಾರ್ಗದಲ್ಲಿ ರೈಲೇ ಮೇಲು.

ವಿಮಾನವನ್ನೇ ಹಿಡಿಯುವವರು ಟಿಕೆಟ್ಟಿನ ವೇಳೆಯನ್ನು ಗಮನವಿಟ್ಟು ಓದಬೇಕು. ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದಿದೆ. ಟಿಕೆಟ್ಟಿನಲ್ಲಿ ನಮೂದಿಸುವುದು ಆಯಾ ಊರಿನ ಸಮಯವನ್ನೇ.