ಯಾರ ಆಂಬುಲೆನ್ಸ್ ಅದು?

ಚಂದಾಪುರ ಸರ್ಕಲ್ಲಿನ ಜಾಮ್‌ನಲ್ಲಿ 108ರ ಸೈರನ್ ಕೇಳಿದರೆ ಹೇಗೋ ಜಾಗ ಬಿಡ್ತೀವಿ. ‘ಗೌರ್ಮೆಂಟ್ ಆಂಬುಲೆನ್ಸು’ ಅಂತೀವಿ. ಅದು ಅರ್ಧ ನಿಜ. ದುಡ್ಡು ಬಹುಪಾಲು ಸರ್ಕಾರದ್ದು, ನಡೆಸೋದು ಕರಾರು ಮಾಡಿಕೊಂಡವರು. ಆಫೀಸಿನಲ್ಲಿ ವೆಂಡರ್, ಎಸ್‌ಎಲ್‌ಎ ಅಂತ ದಿನವಿಡೀ ಮಾತಾಡುವ ನಾವು ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಅದನ್ನು ಕೇಳೋದೇ ಇಲ್ಲ.

ನನ್ನ ಪಾಲಿಗೆ ಈ ಕಥೆ ಶುರುವಾಗೋದು ಯಳಂದೂರು ತಾಲೂಕಿನ ಗುಂಬಳ್ಳಿಯಿಂದ. 1996ರಲ್ಲಿ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿತು. ಟ್ರಸ್ಟ್ ಹೊರಗಿಂದ ಬಂದದ್ದಲ್ಲ. 1986ರಿಂದ ಅದೇ ತಾಲೂಕಿನಲ್ಲಿ ಕುಷ್ಠರೋಗದ ವಿರುದ್ಧ ಕೆಲಸ ಮಾಡುತ್ತಿತ್ತು. ಅಂದರೆ ಕರಾರಿಗೂ ಮುಂಚೆ ಹತ್ತು ವರ್ಷದ ಪರಿಚಯ ಇತ್ತು.

2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಬೇರೆ ಥರ. ಅದರ ಹಿಂದಿದ್ದವರು ನಮ್ಮ ಪಕ್ಕದ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದ ಡಾ. ದೇವಿ ಶೆಟ್ಟಿ. ಸಹಕಾರ ಸಂಘದ ಸದಸ್ಯ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ಕಟ್ಟಿದರೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಇಲ್ಲಿ ಸರ್ಕಾರ ಆಸ್ಪತ್ರೆಯನ್ನು ಯಾರಿಗೂ ವಹಿಸಲಿಲ್ಲ, ರೋಗಿಯೇ ಖಾಸಗಿ ಆಸ್ಪತ್ರೆಗೆ ಹೋದ. ಹೃದಯದ ಆಪರೇಷನ್‌ಗೆ ದೊಡ್ಡ ಆಸರೆ, ಸುಳ್ಳಲ್ಲ. ಆದರೆ ಬರೀ ಜ್ವರ ಬಂದವನಿಗೆ ಇದರಿಂದ ಹೆಚ್ಚೇನೂ ಸಿಗುತ್ತಿರಲಿಲ್ಲ. 2018ರಲ್ಲಿ ಅದು ಆರೋಗ್ಯ ಕರ್ನಾಟಕದೊಳಗೆ ಸೇರಿಹೋಯಿತು. ಆಮೇಲೆ ಮತ್ತೆ ಶುರುವಾಯಿತು.

ಇನ್ನು 108. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ‘ಆರೋಗ್ಯ ಕವಚ’ ಆರಂಭವಾಯಿತು. ನಡೆಸುತ್ತಿದ್ದದ್ದು ಹೈದರಾಬಾದಿನ ಇಎಂಆರ್‌ಐ. ಅದನ್ನು ಹುಟ್ಟುಹಾಕಿದವರು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು. ಎರಡೇ ತಿಂಗಳು ಕಳೆದಿತ್ತು ನೋಡಿ, 2009ರ ಜನವರಿ 7ಕ್ಕೆ ಅವರ ತಪ್ಪೊಪ್ಪಿಗೆ ಪತ್ರ ಹೊರಬಂತು. ಸತ್ಯಂ ಉದ್ಯೋಗಿಗಳು ರೆಸ್ಯೂಮೆ ತಿದ್ದುತ್ತಾ ಕೂತ ದಿನಗಳು ಎಲೆಕ್ಟ್ರಾನಿಕ್ ಸಿಟಿಯ ಹಳಬರಿಗೆ ನೆನಪಿರಬಹುದು. ಆಂಬುಲೆನ್ಸಿನ ಚಾಲಕನಿಗೂ ಅಷ್ಟೇ ದಿಗಿಲಾಗಿರಬೇಕು, ಅವನ ಬಗ್ಗೆ ಯಾರೂ ಬರೆಯಲಿಲ್ಲ. ಅದೇ ವರ್ಷ ಜಿವಿಕೆ ಗುಂಪು ಸಂಸ್ಥೆಯ ಹೊಣೆ ಹೊತ್ತಿತು. ಗಾಡಿಗಳು ನಿಲ್ಲಲಿಲ್ಲ, ಹೆಸರು ಮಾತ್ರ ಜಿವಿಕೆ ಇಎಂಆರ್‌ಐ ಆಯಿತು.

ಮೋರಿ ಕಾಮಗಾರಿಗೂ ಗುತ್ತಿಗೆದಾರನ ಹೆಸರು, ಮೊತ್ತ, ಮುಗಿಸುವ ತಾರೀಕು ಇರುವ ಬೋರ್ಡು ಹಾಕ್ತಾರೆ. ಆಂಬುಲೆನ್ಸಿನ ಮೈಮೇಲೂ ಅಷ್ಟು ಬರೆಯಲಿ: ಕರಾರು ಯಾರದು, ಎಂದು ಮುಗಿಯುತ್ತೆ, ಎಷ್ಟು ನಿಮಿಷದಲ್ಲಿ ಬರಬೇಕು, ಬರದಿದ್ದರೆ ದಂಡ ಎಷ್ಟು.